ಮರಿ ಬಂದ ಮನೆಯಲ್ಲಿ ಹರೆಯದ ನಾಯಿ ಅನ್ನ ಬಿಟ್ಟರೆ

ಹೊಲದ ಕಾವಲಿಗೆ ನಾಯಿ ಸಾಕದ ರೈತ ಕುಟುಂಬಗಳು ನಮ್ಮ ಬಯಲುಸೀಮೆಯಲ್ಲಿ ವಿರಳ. ಶೇಂಗಾ ಕಾಯಿ ಕಟ್ಟುವ ಕಾಲಕ್ಕೆ ಕಾಡುಹಂದಿಯ ಹಿಂಡು ಹೊಲಕ್ಕೆ ಇಳಿದರೆ ಮೂರು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಅಂಥ ಸಮಯದಲ್ಲಿ ಅಟ್ಟಣೆಯ ಮೇಲೆ ಮಲಗಿದ ರೈತನನ್ನು ಎಬ್ಬಿಸುವುದು ನಾಯಿಯ ಬೊಗಳು. ಹೀಗಿದ್ದರೂ ಎತ್ತಿಗೆ ಮೇವು, ಹಸುವಿಗೆ ಹಿಂಡಿ, ಬೆಳೆಗೆ ಗೊಬ್ಬರ ಎಲ್ಲವನ್ನೂ ಲೆಕ್ಕಹಾಕಿ ಕೊಡುವ ನಾವು, ನಾಯಿಗೆ ಮಾತ್ರ ‘ಉಳಿದದ್ದು ಹಾಕಿದರಾಯಿತು’ ಎಂದು ಸುಮ್ಮನಾಗುತ್ತೇವೆ. ಅದು ಅನ್ನ ಬಿಟ್ಟಾಗ ಕಾರಣ ಹುಡುಕುವುದಿಲ್ಲ.

ಈ ಲೇಖಕ ಬೇಸಾಯಶಾಸ್ತ್ರದವನು. ಪಶುವೈದ್ಯನಲ್ಲ. ಆದರೆ ಕಳೆದ ಮುಂಗಾರಿನಲ್ಲಿ ಸ್ವಂತ ಅಣ್ಣನ ಮನೆಯಲ್ಲಿ ನಡೆದ ಒಂದು ಪ್ರಸಂಗದಲ್ಲಿ ನಾನೇ ಎರಡು ಸಲ ಸಲಹೆ ಕೊಟ್ಟೆ. ಒಂದು ಸಲಹೆ ಸರಿಯಾಯಿತು, ಇನ್ನೊಂದು ತಪ್ಪಾಯಿತು. ತಪ್ಪಿನಿಂದ ಒಳ್ಳೆಯ ನಾಯಿಯೊಂದು ಕೈತಪ್ಪಿ ಹೋಗುವುದರಲ್ಲಿತ್ತು. ಇತರ ರೈತಬಾಂಧವರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ವಿವರಿಸಿದ್ದೇನೆ. ರೋಗದ ಬಗೆಗಿನ ಮಾತುಗಳನ್ನು ಪಶುವೈದ್ಯ ಮಿತ್ರರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡಿದ್ದೇನೆ.

ಕಾಳ ಮತ್ತು ಚಿನ್ನಿ

ಅಣ್ಣನದು ಚಳ್ಳಕೆರೆ ತಾಲ್ಲೂಕಿನಲ್ಲಿ ಮಳೆಯಾಶ್ರಿತ ಶೇಂಗಾ ಜಮೀನು. ಕೊಳವೆಬಾವಿಯ ಆಸರೆಯಲ್ಲಿ ಒಂದಿಷ್ಟು ದಾಳಿಂಬೆ. ಮನೆಯ ನಾಯಿ ಕಾಳ, ಹನ್ನೊಂದು ತಿಂಗಳ ಗಂಡು, ಊರತಳಿ. ಎರಡು ತಿಂಗಳ ಮರಿಯಾಗಿದ್ದಾಗಿನಿಂದ ಅಣ್ಣನ ಹಿಂದೆಯೇ ಬೆಳೆದದ್ದು. ಸಂಜೆ ಮುದ್ದೆ ತಿಂದು ಅಣ್ಣನ ಜೊತೆ ಹೊಲಕ್ಕೆ ಹೋಗಿ ಅಟ್ಟಣೆಯ ಕೆಳಗೆ ಮಲಗುವುದು ಅದರ ರೂಢಿ.

ಸೆಪ್ಟೆಂಬರ್ ಮೊದಲ ವಾರದಲ್ಲಿ, ಶೇಂಗಾ ಕಾಯಿ ಬಲಿಯುತ್ತಿದ್ದ ಹೊತ್ತಿಗೆ, ಒಂದು ನಾಯಿ ಸಾಲದೆಂದು ಅಣ್ಣ ನೆಂಟರ ಊರಿನಿಂದ ಎರಡು ತಿಂಗಳ ಹೆಣ್ಣುಮರಿಯೊಂದನ್ನು ತಂದ. ಮಕ್ಕಳು ಅದಕ್ಕೆ ಚಿನ್ನಿ ಎಂದು ಹೆಸರಿಟ್ಟರು. ಮೂರನೆಯ ದಿನ ಅಣ್ಣನಿಂದ ಫೋನು ಬಂತು.

“ನೋಡಪ್ಪ, ಕಾಳ ಮುದ್ದೆ ಮುಟ್ಟುತ್ತಿಲ್ಲ. ಮರಿಯನ್ನು ಕಂಡರೆ ಗುರ್ ಅಂತದೆ. ದಾಳಿಂಬೆ ಸಾಲಿನ ಹನಿ ಪೈಪು ಎರಡು ಕಡೆ ಕಡಿದು ಹಾಕಿದೆ. ರಾತ್ರಿ ಹೊಲಕ್ಕೆ ಬಂದರೂ ಅರ್ಧ ತಾಸಿಗೆ ಮನೆಗೆ ಓಡಿಬರುತ್ತದೆ. ಕಟ್ಟಿಹಾಕಿದೆ, ಎರಡು ಏಟೂ ಕೊಟ್ಟೆ. ಇನ್ನೂ ಕೆಟ್ಟಿತು. ಹೊಟ್ಟೆಕಿಚ್ಚು ಕಣಪ್ಪ ಇದು.”

ಆ ವಾರದ ಕೊನೆಯಲ್ಲಿ ಊರಿಗೆ ಹೋಗಿ ಎರಡು ದಿನ ಉಳಿದೆ.

ಹರೆಯದ ನಾಯಿ ಎಂದರೇನು?

ನಾಯಿಯ ಬಾಲ್ಯ ಬಹಳ ಚಿಕ್ಕದು. ಆರೇಳು ತಿಂಗಳಿಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬಂದಿರುತ್ತವೆ. ಸುಮಾರು ಆರು ತಿಂಗಳಿನಿಂದ ಒಂದೂವರೆ, ಎರಡು ವರ್ಷದವರೆಗಿನ ಅವಧಿಯನ್ನು ಅದರ ಹರೆಯವೆನ್ನಬಹುದು. ಹೆಣ್ಣು ಬೆದೆಗೆ ಬರುವುದು, ಗಂಡು ಕಾಲೆತ್ತಿ ಅಲ್ಲಲ್ಲಿ ಉಚ್ಚೆ ಹೊಯ್ದು ಗುರುತು ಮಾಡುವುದು, ಕರೆದರೆ ಕೇಳದಂತೆ ನಟಿಸುವುದು, ಸಿಕ್ಕಿದ್ದನ್ನು ಕಡಿಯುವುದು ಎಲ್ಲವೂ ಈ ಕಾಲದ ಲಕ್ಷಣಗಳು.

ಇಂಗ್ಲೆಂಡಿನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಐದು ತಿಂಗಳಲ್ಲಿ ಯಜಮಾನನ ಮಾತು ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಿಗೆ ಬಂದಾಗ ಅದೇ ಮಾತಿಗೆ ಕಿವಿಗೊಡುವುದು ಕಡಿಮೆಯಾದದ್ದು ಕಂಡುಬಂತು. ಅಪರಿಚಿತರ ಮಾತನ್ನು ಮಾತ್ರ ಹಾಗೆ ಕಡೆಗಣಿಸಲಿಲ್ಲ. ಹರೆಯದ ಮಕ್ಕಳು ಪಕ್ಕದ ಮನೆಯವರ ಮಾತು ಕೇಳಿ ಹೆತ್ತವರ ಮಾತಿಗೆ ಮುಖ ತಿರುಗಿಸುವಂತೆಯೇ ಇದು. ಈ ಹಂತ ತಾನಾಗಿ ಕಳೆಯುತ್ತದೆ. ಆದರೆ ಇದೇ ಹಂತದಲ್ಲಿ ಮನೆಗೆ ಹೊಸ ಮರಿ ಬಂದರೆ, ಹರೆಯದ ತಂಟೆಯೂ ಮರಿ ತಂದ ಬದಲಾವಣೆಯೂ ಒಂದರೊಡನೊಂದು ಬೆರೆತು ನಮಗೆ ಗೊಂದಲವಾಗುತ್ತದೆ.

ನಾಯಿಗೆ ಹೊಟ್ಟೆಕಿಚ್ಚು ಇದೆಯೇ ಎಂಬ ಪ್ರಶ್ನೆಯನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 36 ನಾಯಿಗಳನ್ನಿಟ್ಟುಕೊಂಡು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಜಮಾನನು ಗೊಂಬೆ ನಾಯಿಯೊಂದನ್ನು ಮುದ್ದಿಸಿದಾಗ ಅನೇಕ ನಾಯಿಗಳು ನಡುವೆ ನುಗ್ಗಿದವು, ಯಜಮಾನನನ್ನು ಮೂತಿಯಿಂದ ತಳ್ಳಿದವು. ಕೆಲವು ಗೊಂಬೆಗೆ ಬಾಯಿ ಹಾಕಿದವು. ಆದ್ದರಿಂದ ಅಣ್ಣನ ಮಾತು ಪೂರ್ತಿ ಸುಳ್ಳಲ್ಲ. ಆದರೆ ‘ಹೊಟ್ಟೆಕಿಚ್ಚು’ ಎಂದು ಹೆಸರಿಟ್ಟ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ನಾಯಿ ಏನನ್ನು ಕಳೆದುಕೊಂಡಿದೆ ಎಂಬುದನ್ನು ನೋಡಬೇಕು.

ತೂಗಿ ನೋಡಿದಾಗ ತಿಳಿದದ್ದು

ಬೆಳೆ ಸರಿಯಿಲ್ಲವೆಂದರೆ ನಾವು ಮೊದಲು ಹೊಲ ಸುತ್ತಿ ನೋಡುತ್ತೇವೆ, ಬಳಿಕ ಅಳೆಯುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಿದೆ. ಬೀಜ ತೂಗುವ ತಕ್ಕಡಿಯಲ್ಲಿ ಕಾಳನಿಗೆ ಹಾಕುವ ಮುದ್ದೆಯನ್ನು ತೂಗಿ, ಅದು ಬಿಟ್ಟದ್ದನ್ನೂ ತೂಗಿ, ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟೆವು. ಚಿನ್ನಿಯದನ್ನೂ ಹಾಗೆಯೇ ಬರೆದೆವು. ಎರಡೇ ದಿನದಲ್ಲಿ ನಾಲ್ಕು ಸಂಗತಿಗಳು ಗೊತ್ತಾದವು.

ಮೊದಲನೆಯದು: ಕಾಳ ಉಪವಾಸವಿರಲಿಲ್ಲ. ಚಿನ್ನಿಗೆ ದಿನಕ್ಕೆ ಐದಾರು ಸಲ ಹಾಲು ಬೆರೆಸಿದ ರಾಗಿ ಗಂಜಿ, ಮೊಟ್ಟೆ, ಮಕ್ಕಳ ಬಿಸ್ಕತ್ತು ಬೀಳುತ್ತಿದ್ದವು. ಮರಿ ತಿಂದು ಬಿಟ್ಟದ್ದನ್ನು ಯಾರೂ ನೋಡದ ಹೊತ್ತಿನಲ್ಲಿ ಕಾಳ ನೆಕ್ಕಿ ಮುಗಿಸುತ್ತಿತ್ತು. ರುಚಿಯಾದದ್ದು ಸಿಗುವಾಗ ಬರೀ ಮುದ್ದೆ ಯಾರಿಗೆ ಬೇಕು?

ಎರಡನೆಯದು: ಹನ್ನೊಂದು ತಿಂಗಳ ನಾಯಿಗೆ ಆರು ತಿಂಗಳಲ್ಲಿ ಇದ್ದಷ್ಟು ಹಸಿವು ಇರುವುದಿಲ್ಲ. ಹಾಲು ಬಿಟ್ಟ ಮರಿಗೆ, ಒಂದೊಂದು ಕಿಲೋ ತೂಕದ ಲೆಕ್ಕದಲ್ಲಿ, ಬೆಳೆದ ನಾಯಿಯ ಸುಮಾರು ಎರಡರಷ್ಟು ಆಹಾರಶಕ್ತಿ ಬೇಕು. ಪೂರ್ಣ ತೂಕದ ಅರ್ಧಕ್ಕೆ ಬಂದಾಗ ಅದು ಒಂದೂವರೆ ಪಟ್ಟಿನ ಆಸುಪಾಸಿಗೂ, ಶೇಕಡ 80ಕ್ಕೆ ಬಂದಾಗ ಒಂದೂಕಾಲು ಪಟ್ಟಿಗೂ ಇಳಿಯುತ್ತದೆ. ಬೆಳೆ ಭರದಿಂದ ಬೆಳೆಯುವಾಗ ಎಳೆದುಕೊಳ್ಳುವಷ್ಟು ಪೋಷಕಾಂಶವನ್ನು ಮಾಗುವ ಹೊತ್ತಿಗೆ ಎಳೆದುಕೊಳ್ಳದಿರುವಂತೆಯೇ ಇದು. ಅತ್ತಿಗೆ ಮಾತ್ರ ಐದು ತಿಂಗಳ ಹಿಂದಿನ ಅಳತೆಯ ಮುದ್ದೆಯನ್ನೇ ಹಾಕುತ್ತಿದ್ದರು. ಮುಕ್ಕಾಲು ತಿಂದು ಬಿಟ್ಟರೂ ‘ಅನ್ನ ಬಿಟ್ಟಿತು’ ಎಂದೇ ಕಾಣುತ್ತಿತ್ತು.

ಮೂರನೆಯದು: ಚಿನ್ನಿಯ ಗೋಣಿಚೀಲ ಹಾಸಿದ್ದು ಜಗಲಿಯ ಮೂಲೆಯಲ್ಲಿ. ಅದು ಕಾಳ ಹಗಲು ಮಲಗುತ್ತಿದ್ದ ಜಾಗ. ರಾತ್ರಿ ಹೊಲದಿಂದ ಓಡಿಬಂದು ಅದು ಆ ಗೋಣಿಚೀಲದ ಪಕ್ಕದಲ್ಲೇ ಕೂರುತ್ತಿತ್ತು. ಕಾವಲು ಬಿಟ್ಟು ಬಂದದ್ದು ಸೋಮಾರಿತನದಿಂದಲ್ಲ. ತನ್ನ ಜಾಗ ಕಾಯಲು.

ನಾಲ್ಕನೆಯದು: ಮರಿಯ ಹತ್ತಿರ ಕಾಳ ಸುಳಿದಾಗಲೆಲ್ಲ ಮನೆಯವರು ‘ಹಚಾ!’ ಎಂದು ಗದರುತ್ತಿದ್ದರು. ಮರಿ ಇದ್ದಲ್ಲಿ ಬೈಗುಳ, ಮರಿ ಇಲ್ಲದಲ್ಲಿ ಪ್ರೀತಿ ಎಂದು ನಾಯಿ ಲೆಕ್ಕಹಾಕಿಕೊಂಡರೆ ಅದರ ತಪ್ಪೇನು?

ಹನಿ ಪೈಪು ಕಡಿದದ್ದೂ ಹೀಗೆಯೇ. ಹಗಲಿಡೀ ಕಟ್ಟಿಹಾಕಿ ಸಂಜೆ ಬಿಟ್ಟ ಹರೆಯದ ನಾಯಿ ತನ್ನ ಕಸುವನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಲ್ಲವೇ?

ಮಾಡಿದ ಬದಲಾವಣೆಗಳು

ಖರ್ಚಿಲ್ಲದ ಕೆಲವು ಕ್ರಮಗಳನ್ನು ಅನುಸರಿಸಿದೆವು. ಇವು ಯಾವ ಮನೆಯಲ್ಲಿಯಾದರೂ ಸಾಧ್ಯ.

1. ಊಟದ ಜಾಗ ಬೇರೆ ಮಾಡುವುದು. ಕಾಳನಿಗೆ ಕೊಟ್ಟಿಗೆಯ ಹಿಂದೆ, ಚಿನ್ನಿಗೆ ಅಡಿಗೆಮನೆಯ ಹಿತ್ತಿಲಲ್ಲಿ, ನಡುವೆ ಬಾಗಿಲು. ಮೊದಲು ದೊಡ್ಡದಕ್ಕೆ, ನಂತರ ಮರಿಗೆ. ಇಪ್ಪತ್ತು ನಿಮಿಷದ ಬಳಿಕ ಎರಡೂ ತಟ್ಟೆಗಳನ್ನು, ಉಳಿದಿರಲಿ ಬಿಡಲಿ, ಎತ್ತಿಡುವುದು. ಕುಡಿಯುವ ನೀರು ಮಾತ್ರ ಸದಾ ಇರಬೇಕು.

2. ವಯಸ್ಸಿಗೆ ತಕ್ಕ ಊಟ. ಎರಡು ಮೂರು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಮೂರರಿಂದ ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಸಾಕು. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ. ಆದರೆ ಸಸಾರಜನಕ, ಅಂದರೆ ಪ್ರೋಟೀನು, ನೂರಕ್ಕೆ ಏಳರಷ್ಟು ಮಾತ್ರ. ಬೆಳೆಯುವ ನಾಯಿಗೆ ಒಣ ಆಹಾರದ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟಾದರೂ ಬೇಕು. ಆದ್ದರಿಂದ ಬರೀ ಮುದ್ದೆ ಸಾಲದು. ಬೇಯಿಸಿದ ಬೇಳೆ, ಮೊಟ್ಟೆ, ಕೋಳಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಮಾಂಸದ ತುಂಡು ಸೇರಿಸಬೇಕು. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಹಾಕಬಾರದು. ಈರುಳ್ಳಿ, ದ್ರಾಕ್ಷಿ ಮತ್ತು ಚಾಕೊಲೇಟ್ ನಾಯಿಗೆ ವಿಷ.

3. ಹಳೆಯ ಜಾಗ ಹಳೆಯ ನಾಯಿಗೆ. ಚಿನ್ನಿಯ ಚೀಲವನ್ನು ಒಳಗೆ ಸರಿಸಿ ಜಗಲಿಯ ಮೂಲೆಯನ್ನು ಕಾಳನಿಗೆ ಬಿಟ್ಟೆವು. ಮರಿ ಹತ್ತಲಾಗದ ಎತ್ತರದಲ್ಲಿ ದೊಡ್ಡ ನಾಯಿಗೆ ಒಂದು ಕಟ್ಟೆಯೋ ಹಲಗೆಯೋ ಇರಲೇಬೇಕು. ಮರಿಯ ಚೂಪು ಹಲ್ಲಿನಿಂದ ಅದಕ್ಕೂ ಬಿಡುವು ಬೇಕು.

4. ಮರಿ ಇದ್ದಾಗ ಒಳ್ಳೆಯದಾಗುವಂತೆ ನೋಡಿಕೊಳ್ಳುವುದು. ಚಿನ್ನಿ ಎದುರಿಗಿದ್ದಾಗ ಕಾಳನನ್ನು ಮಾತಾಡಿಸಿ, ಒಂದು ತುಂಡು ಮೊಟ್ಟೆ ಕೊಡುವುದು. ಎರಡನ್ನೂ ಒಟ್ಟಿಗೆ, ಹಗ್ಗ ಸಡಿಲವಾಗಿ ಹಿಡಿದು, ಹೊಲದ ಬದುವಿನ ಮೇಲೆ ನಡೆಸುವುದು. ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡದಿರುವುದು.

5. ಗುರುಗುಟ್ಟಿದರೆ ಹೊಡೆಯದಿರುವುದು. ಗುರ್ ಎಂಬುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಗುರುಗುಟ್ಟಿದಾಗ ಮರಿಯನ್ನು ದೂರ ಒಯ್ದರೆ ಸಾಕು.

6. ಹಗಲು ಕಟ್ಟುವುದನ್ನು ಕಡಿಮೆ ಮಾಡಿ ಬೆಳಿಗ್ಗೆ ಸಂಜೆ ಓಡಾಡಿಸುವುದು. ಪೈಪಿನ ಬದಲು ಕಡಿಯಲು ಹಳೆಯ ಹಗ್ಗದ ಗಂಟು ಕೊಟ್ಟೆವು.

ಹತ್ತು ದಿನದೊಳಗೆ ಕಾಳನ ತಟ್ಟೆ ಖಾಲಿಯಾಗತೊಡಗಿತು. ರಾತ್ರಿ ಅಟ್ಟಣೆಯ ಕೆಳಗೆ ಬೆಳಗಾಗುವವರೆಗೂ ಇರತೊಡಗಿತು. ಅಣ್ಣನಿಗೆ ಸಂತೋಷವಾಯಿತು. ನನಗೂ ಸ್ವಲ್ಪ ಜಂಭ ಬಂದಿತೆಂದು ಒಪ್ಪಿಕೊಳ್ಳಬೇಕು.

ಎರಡನೆಯ ಸಲ ಅನ್ನ ಬಿಟ್ಟಾಗ

ಮರಿ ಬಂದ ನಾಲ್ಕನೆಯ ವಾರ ಮತ್ತೆ ಫೋನು ಬಂತು. ಕಾಳ ಮತ್ತೆ ತಿನ್ನುತ್ತಿಲ್ಲ, ಮೂಲೆ ಬಿಟ್ಟು ಏಳುತ್ತಿಲ್ಲ, ಚಿನ್ನಿ ಹತ್ತಿರ ಬಂದರೆ ಗುರುಗುಟ್ಟುತ್ತದೆ ಎಂದು ಅಣ್ಣ ಹೇಳಿದ. ನಾನು ಕೇಳಿ ಮುಗಿಸುವ ಮೊದಲೇ ಉತ್ತರ ಕೊಟ್ಟೆ: “ಹಳೆಯ ರೋಗವೇ ಅಣ್ಣ. ಯಾರೋ ಮತ್ತೆ ಮರಿಯನ್ನು ಮುದ್ದು ಮಾಡಿರಬೇಕು. ಹಸಿವಾದರೆ ತಾನೇ ತಿನ್ನುತ್ತದೆ. ನಾಲ್ಕು ದಿನ ನೋಡಿ.”

ನಾಲ್ಕು ದಿನ ನೋಡಿದರು. ನಾಲ್ಕನೆಯ ದಿನ ಸಂಜೆ ಫೋನು ಮಾಡಿದವರು ಅತ್ತಿಗೆ.

“ಇದು ಹೊಟ್ಟೆಕಿಚ್ಚಲ್ಲಪ್ಪ. ಕೋಳಿ ತುಂಡು ಮೂಗಿನ ಹತ್ತಿರ ಹಿಡಿದರೂ ಮುಖ ತಿರುಗಿಸುತ್ತದೆ. ಆ ಸಲ ಮರಿಯ ತಟ್ಟೆ ನೆಕ್ಕುತ್ತಿತ್ತು, ಈ ಸಲ ಅದನ್ನೂ ಮುಟ್ಟಲಿಲ್ಲ. ತುಟಿ ಎತ್ತಿ ನೋಡಿದೆ, ವಸಡು ಸುಣ್ಣದ ಹಾಗೆ ಬೆಳ್ಳಗಿದೆ. ಕಿವಿಯೊಳಗೆ ಉಣ್ಣೆ ಗೊಂಚಲು ಗೊಂಚಲು.”

ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಗೆ ಒಯ್ದರು. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರವೆಂದು ತಿಳಿದುಬಂತು. ಕಂದು ಬಣ್ಣದ ನಾಯಿ ಉಣ್ಣೆ, ಕೆಲವರು ಉಣುಗು ಎನ್ನುವುದು, ರಕ್ತ ಹೀರುವಾಗ ಈ ರೋಗಾಣುವನ್ನು ನಾಯಿಯ ಮೈಗೆ ಸೇರಿಸುತ್ತದೆ. ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ ಬರುತ್ತದೆ, ಹಸಿವು ಸಾಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ ಮೂಗಿನಿಂದ ರಕ್ತ ಸುರಿಯಲೂಬಹುದು. ಹೊತ್ತಿಗೆ ಸರಿಯಾಗಿ ಮದ್ದು ಬಿದ್ದರೆ ಹೆಚ್ಚಿನ ನಾಯಿಗಳು ಉಳಿಯುತ್ತವೆ, ತಡವಾದರೆ ಉಳಿಸುವುದು ಕಷ್ಟ. ಇನ್ನೆರಡು ದಿನ ಬಿಟ್ಟಿದ್ದರೆ ಭರವಸೆ ಕೊಡುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು.

ಸುಮಾರು ನಾಲ್ಕು ವಾರ ಮಾತ್ರೆ ನಡೆಯಿತು. ಮೂರನೆಯ ದಿನ ಕಾಳ ಗಂಜಿ ಕುಡಿಯಿತು. ಪೂರ್ತಿ ಚೇತರಿಸಿಕೊಳ್ಳಲು ತಿಂಗಳಾಯಿತು. ಈ ನಡುವೆ ಕಾವಲಿಲ್ಲದ ಹೊಲಕ್ಕೆ ಹಂದಿಗಳು ಎರಡು ರಾತ್ರಿ ಇಳಿದು ಗುಡ್ಡದ ಕಡೆಯ ಪಟ್ಟಿಯನ್ನು ಬುಡಮೇಲು ಮಾಡಿದವು. ಅಣ್ಣ ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಉಣ್ಣೆ ಚಿನ್ನಿಯ ಮೈಮೇಲೆ ಬಂದಿತೋ, ಕೊಟ್ಟಿಗೆಯ ಗೋಡೆಯಲ್ಲಿ ಮೊದಲೇ ಇತ್ತೋ ಹೇಳಲಾಗದು. ಮರಿ ಬಂದ ದಿನ ಅದರ ಕಿವಿ, ಬೆರಳುಸಂದು ನೋಡಿದವರು ಯಾರೂ ಇಲ್ಲ.

ನನ್ನ ತಪ್ಪು ಎಲ್ಲಿತ್ತು?

ಶೇಂಗಾ ಎಲೆ ಹಳದಿಯಾಯಿತೆಂದು ರೈತರು ಕೇಳಿದಾಗ ನಾನು ಎಂದೂ ಕೂಡಲೇ ಯೂರಿಯಾ ಹೇಳಿದವನಲ್ಲ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ; ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ; ಬುಡದಲ್ಲಿ ನೀರು ನಿಂತಿದ್ದರೆ ಕಾರಣವೇ ಬೇರೆ. ಲಕ್ಷಣ ಒಂದೇ, ಕಾರಣ ಹಲವು. ಇದನ್ನು ವರ್ಷಗಟ್ಟಲೆ ರೈತರಿಗೆ ಹೇಳಿದ ನಾನು, ಮೊದಲ ಸಲ ಸರಿಹೋದ ಕಾರಣವನ್ನೇ ಎರಡನೆಯ ಸಲವೂ ಹೊರಿಸಿದೆ. ನೋಟುಬುಕ್ಕು ಮನೆಯಲ್ಲೇ ಇತ್ತು. ಅದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ಅತ್ತಿಗೆ ತುಟಿ ಎತ್ತಿ ನೋಡಿದರು. ಅವರು ಮಾಡಿದ್ದೇ ಸರಿಯಾದ ವಿಧಾನ.

ಸ್ವಭಾವವೋ ರೋಗವೋ: ಗುರುತಿಸುವ ಬಗೆ

ಸ್ವಭಾವದ ಬದಲಾವಣೆಯಾದರೆ: ಮರಿಯ ಎದುರಿಗೆ ತಿನ್ನದ ನಾಯಿ ಹೊಲದಲ್ಲಿ ಕೈಯಿಂದ ಕೊಟ್ಟರೆ ತಿನ್ನುತ್ತದೆ. ರುಚಿಯಾದದ್ದನ್ನು ಬಿಡುವುದಿಲ್ಲ. ನೀರು ಕುಡಿಯುತ್ತದೆ, ಓಡಾಡುತ್ತದೆ, ಮಲ ಗಟ್ಟಿಯಾಗಿರುತ್ತದೆ, ಕಣ್ಣು ಚುರುಕಾಗಿರುತ್ತದೆ. ಮೇಲೆ ಹೇಳಿದ ಕ್ರಮಗಳಿಂದ ವಾರ ಹತ್ತು ದಿನದಲ್ಲಿ ಸುಧಾರಣೆ ಕಾಣುತ್ತದೆ.

ರೋಗವಾದರೆ: ಎಲ್ಲಿಯೂ, ಏನು ಕೊಟ್ಟರೂ ತಿನ್ನುವುದಿಲ್ಲ. ಒಂದು ಹಗಲು ಒಂದು ರಾತ್ರಿ ಹೀಗೆ ಕಳೆದರೆ ಕಾಯಬಾರದು. ವಾಂತಿ, ರಕ್ತಭೇದಿ, ಜ್ವರ, ಬಿಳಿಚಿದ ಅಥವಾ ಹಳದಿ ವಸಡು, ಮೂಗಿನ ರಕ್ತ, ಮಂಕು ಇವುಗಳಲ್ಲಿ ಯಾವುದೊಂದು ಕಂಡರೂ ಆ ದಿನವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾಲ್ಕು ತಿಂಗಳೊಳಗಿನ ಮರಿಯಾದರೆ ಅರ್ಧ ದಿನವೂ ತಡೆಯಬಾರದು.

ಮೈ ನೋಡಿ ಮಾತ್ರ ತೀರ್ಮಾನಿಸಬಾರದು. ಮುಧೋಳ ತಳಿಯಂಥ ನಾಯಿಗಳಿಗೆ ಪಕ್ಕೆಲುಬು ಕಾಣುವುದು ಸಹಜ; ಊರತಳಿಗೆ ದಟ್ಟ ಕೂದಲಿದ್ದರೆ ಸೊರಗಿದ್ದೂ ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಾಯಿಯನ್ನು ಎತ್ತಿಕೊಂಡು ಮೂಟೆ ತೂಗುವ ಯಂತ್ರದ ಮೇಲೆ ನಿಂತು, ನಂತರ ನಿಮ್ಮ ತೂಕ ಕಳೆದರೆ ನಾಯಿಯ ತೂಕ ಸಿಗುತ್ತದೆ.

ವಿಷವನ್ನೂ ಮರೆಯಬಾರದು. ಇಲಿಗೆ ಇಟ್ಟ ಸತುವಿನ ಫಾಸ್ಫೈಡ್ ಮದ್ದು ಎಣ್ಣೆ, ಕಾಳಿನ ವಾಸನೆಯಿಂದ ಮರಿಗಳನ್ನು ಬಹುಬೇಗ ಸೆಳೆಯುತ್ತದೆ. 2020ರ ಡಿಸೆಂಬರ್ 31ರಿಂದ ನಿಷೇಧವಾಗಿರುವ ಫೋರೇಟ್ ಹರಳಿನ ಹಳೆಯ ಪೊಟ್ಟಣ ಅಟ್ಟದ ಮೇಲೆ ಉಳಿದಿದ್ದರೆ ಅದೂ ಅಪಾಯವೇ. ಜೊಲ್ಲು, ನಡುಕ, ವಾಂತಿ ಒಟ್ಟಿಗೆ ಕಂಡರೆ ಮದ್ದಿನ ಪೊಟ್ಟಣದೊಡನೆ ಆಸ್ಪತ್ರೆಗೆ ಧಾವಿಸಬೇಕು.

ಹುಚ್ಚುನಾಯಿ ರೋಗದ ಎಚ್ಚರಿಕೆ

ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿ, ಜೊಲ್ಲು ಸುರಿಸುತ್ತಾ ನುಂಗಲಾರದೆ, ದನಿ ಕೆಟ್ಟು, ಸಿಕ್ಕಿದ್ದನ್ನು ಕಚ್ಚುತ್ತಿದ್ದರೆ ಅದನ್ನು ಹೊಟ್ಟೆಕಿಚ್ಚೆಂದೋ ಹರೆಯವೆಂದೋ ತಿಳಿಯಬಾರದು. ಗಂಟಲಿಗೆ ಮೂಳೆ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈ ಹಾಕಲೇಬಾರದು. ದೂರದಿಂದಲೇ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಸಕಾಲದ ಲಸಿಕೆಯಿಂದ ಬದುಕು ಉಳಿಯುತ್ತದೆ.

ಮರಿ ತರುವ ಮುನ್ನ

ಬೆಳೆಯ ಜೊತೆ ಮಿಶ್ರಬೆಳೆ ಹಾಕುವಾಗ ಯಾವಾಗ, ಎಷ್ಟು ಅಂತರದಲ್ಲಿ ಎಂದು ಯೋಚಿಸುತ್ತೇವೆ. ಎರಡನೆಯ ನಾಯಿಗೂ ಅದೇ ಯೋಚನೆ ಬೇಕು.

1. ಕಾವಲಿನ ಕೆಲಸ ಬಿರುಸಾಗಿರುವಾಗ ಮರಿ ತರಬೇಡಿ. ಬಿತ್ತನೆಗೆ ಮುಂಚಿನ ಬೇಸಗೆ ಅಥವಾ ಸುಗ್ಗಿ ಮುಗಿದ ಮೇಲೆ ಸೂಕ್ತ. ಹಳೆಯ ನಾಯಿ ಒಂದೂವರೆ, ಎರಡು ವರ್ಷ ದಾಟಿದ್ದರೆ ಇನ್ನೂ ಒಳ್ಳೆಯದು.

2. ಮರಿಗೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿ. ಮೂರರಿಂದ ಹನ್ನೆರಡು ವಾರದವರೆಗಿನ ವಯಸ್ಸು ನಾಯಿಮರಿ ಇತರ ನಾಯಿ, ಮನುಷ್ಯರೊಡನೆ ಬೆರೆಯಲು ಕಲಿಯುವ ಕಾಲವೆಂದು ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಈ ಕಾಲದಲ್ಲಿ ಹೆದರಿದ ಮರಿ ಮುಂದೆ ಒಳ್ಳೆಯ ಕಾವಲುಗಾರನಾಗುವುದು ಕಷ್ಟ.

3. ಮರಿಯನ್ನು ಮನೆಯೊಳಗೆ ಬಿಡುವ ಮೊದಲು ಕಿವಿ, ಕತ್ತು, ಬೆರಳುಸಂದುಗಳಲ್ಲಿ ಉಣ್ಣೆ ಹುಡುಕಿ ತೆಗೆಯಿರಿ. ಎರಡು ವಾರ ಹಳೆಯ ನಾಯಿಯಿಂದ ಬೇರೆ ಇಡಿ. ಪಾರ್ವೊ ಎಂಬ ರಕ್ತಭೇದಿ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

4. ಎರಡು ವಾರದ ವಯಸ್ಸಿನಿಂದಲೇ ಜಂತುನಾಶಕ, ಆರೆಂಟು ವಾರದಿಂದ ಪಾರ್ವೊ ಮುಂತಾದ ರೋಗಗಳ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ಪುನರ್ಲಸಿಕೆ ಹಾಕಿಸಬೇಕು. ಮರಿಯ ಹೊಟ್ಟೆಯ ಜಂತುಹುಳು ಮನೆಯ ಮಕ್ಕಳಿಗೂ ತೊಂದರೆ ಕೊಡುತ್ತದೆ.

5. ಉಣ್ಣೆಯನ್ನು ಕಳೆಯಂತೆ ಕಾಣಬೇಕು. ಮೈಮೇಲಿನ ಒಂದನ್ನು ಕಿತ್ತರೆ ಸಾಲದು. ಹೆಣ್ಣು ಉಣ್ಣೆ ನಾಯಿಯಿಂದ ಇಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕಳೆ ಬೀಜ ಹೊಲದಲ್ಲಿ ಉಳಿದಂತೆ ಅದು ಮನೆಯಲ್ಲಿ ಉಳಿಯುತ್ತದೆ. ಕೊಟ್ಟಿಗೆಯ ಬಿರುಕುಗಳನ್ನು ಗಾರೆ ಹಾಕಿ ಮುಚ್ಚಿ, ನಾಯಿ ಮಲಗುವ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಬೇಕು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಎಂದಿಗೂ ಸುರಿಯಬಾರದು. ಪಶುವೈದ್ಯರು ಸೂಚಿಸಿದ ಔಷಧವನ್ನೇ ಬಳಸಬೇಕು.

6. ಮೊದಲ ಒಂದು ತಿಂಗಳು ನೋಟುಬುಕ್ಕು ಇಡಿ: ದಿನಾಂಕ, ಹಾಕಿದ ಊಟ, ಉಳಿದ ಊಟ, ಮಲ, ಕಂಡ ವಿಶೇಷ. ಐದು ಮನೆ ಎಳೆದರೆ ಸಾಕು. ಫೋನಿನಲ್ಲಿ ವೈದ್ಯರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಅದರಲ್ಲಿರುತ್ತದೆ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಚಿನ್ನಿಗೆ ಆರು ತಿಂಗಳು ಆಗಿತ್ತು. ಎರಡೂ ನಾಯಿಗಳು ಕಣದಲ್ಲಿ ಶೇಂಗಾ ಹೊಟ್ಟಿನ ರಾಶಿಯ ಮೇಲೆ ಒಂದಕ್ಕೊಂದು ಬೆನ್ನು ಕೊಟ್ಟು ಮಲಗಿದ್ದವು. ಕೊಟ್ಟಿಗೆಯ ಗೋಡೆಗೆ ಹೊಸ ಗಾರೆ ಬಿದ್ದಿತ್ತು. ಅತ್ತಿಗೆ ನೋಟುಬುಕ್ಕು ತೋರಿಸಿದರು. ನಾಯಿಗಳ ಲೆಕ್ಕ ಮುಗಿದ ಹಾಳೆಯಿಂದ ಮುಂದಕ್ಕೆ ಎರಡು ಹಸುಗಳ ಹಾಲು, ಹಿಂಡಿಯ ಲೆಕ್ಕ ಶುರುವಾಗಿತ್ತು. “ಚಿನ್ನಿ ಈಗ ಹನಿ ಪೈಪು ಕಡಿಯಲು ಶುರು ಮಾಡಿದಾಳೆ ಕಣಪ್ಪ,” ಎಂದರು. “ಮೊದಲು ವಸಡು ನೋಡಿದೆ. ಕೆಂಪಗಿದೆ. ಹರೆಯವೇ ಇರಬೇಕು ಬಿಡು.”